ಕರ್ನಲ್ ಸರಿಯೋ, ಕೊಲೊನೆಲ್ ಸರಿಯೋ?

ಮಡಿಕೇರಿಯ ಓದುಗರೊಬ್ಬರ ಪ್ರಶ್ನೆ:

"ನಮ್ಮ ತಂದೆ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದವರು. ಅವರ ಡೈರಿ, ಪತ್ರಗಳನ್ನು ಸೇರಿಸಿ ಕನ್ನಡದಲ್ಲಿ ಒಂದು ಪುಸ್ತಕ ಮಾಡುತ್ತಿದ್ದೇವೆ. ಮುಖಪುಟದಲ್ಲೇ ಜಗಳ ಶುರುವಾಗಿದೆ. ನಾನು 'ಕರ್ನಲ್' ಎಂದು ಬರೆದೆ. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ 'ರ' ಎಲ್ಲಿದೆ, ನಮ್ಮ ಹಿಂದಿನವರು ತಪ್ಪಾಗಿ ಕೇಳಿಸಿಕೊಂಡು ಬರೆದಿದ್ದಾರೆ, 'ಕೊಲೊನೆಲ್' ಎಂದು ತಿದ್ದು ಎನ್ನುತ್ತಾನೆ ತಮ್ಮ. ಇದು ಕ್ರೌನ್‌ನಿಂದ ಬಂದ ಪದ, ರಾಜನಿಂದ ನೇಮಕವಾದವನು ಎಂದರ್ಥ ಎನ್ನುತ್ತಾರೆ ಚಿಕ್ಕಪ್ಪ. ಕಾಲೊನಿ ಆಳುವವನೇ ಕರ್ನಲ್, ಸ್ವತಂತ್ರ ಭಾರತದ ಸೈನಿಕನಿಗೆ ಈ ಪದ ಅವಮಾನ ಎಂದು ಸೊಸೆಗೆ ವಾಟ್ಸಾಪ್ ಬಂದಿದೆ. ಅವಳಿಗೆ 'ದಳಪತಿ' ಇಷ್ಟ. ಮೂಲ ಇಟಾಲಿಯನ್ ಎಂದು ನಾನು ಎಲ್ಲೋ ಓದಿದ ನೆನಪು. ಯಾವುದು ನಿಜ? ಅಪ್ಪನ ಹೆಸರಿನ ಹಿಂದೆ ತಪ್ಪು ಪದ ಇರಬಾರದು ಅನ್ನೋದೊಂದೇ ನನ್ನ ಆಸೆ."

ಉತ್ತರ:

ಮೊದಲು ಒಂದು ಸಮಾಧಾನದ ಮಾತು. ನೀವು ಬರೆದಿರುವ 'ಕರ್ನಲ್' ಸರಿಯಾಗಿಯೇ ಇದೆ. ಅದರಲ್ಲಿರುವ 'ರ' ನಮ್ಮವರು ತಪ್ಪಾಗಿ ಕೇಳಿಸಿಕೊಂಡದ್ದಲ್ಲ. ಅದಕ್ಕೆ ಸುಮಾರು ಐದು ನೂರು ವರ್ಷ ವಯಸ್ಸಾಗಿದೆ. ಇಂಗ್ಲಿಷಿನಲ್ಲಂತೂ ಈಗಿನ ಸ್ಪೆಲಿಂಗ್‌ಗಿಂತ ಮೊದಲೇ ಬಂದದ್ದು ಅದು. ನಿಮ್ಮ ನೆನಪೂ ಸರಿ, ಮೂಲ ಇಟಾಲಿಯನ್ನೇ.

ನಿಘಂಟಿನ ಕೆಲಸದಲ್ಲೂ ಅನುವಾದದ ಕೆಲಸದಲ್ಲೂ ಈ ಪದ ನನಗೆ ಮತ್ತೆ ಮತ್ತೆ ಎದುರಾಗಿದೆ. ಪ್ರತಿ ಸಲ ಯಾರಾದರೊಬ್ಬರು ಅದನ್ನು 'ಸರಿಪಡಿಸಲು' ಹೊರಡುತ್ತಾರೆ. ಸ್ಪೆಲಿಂಗ್ ಒಂದು, ಉಚ್ಚಾರಣೆ ಇನ್ನೊಂದು ಆದಾಗ ಬರಹವೇ ನಿಜ, ಬಾಯಿಮಾತು ಕೆಟ್ಟದ್ದು ಎಂಬ ಭಾವನೆ ಓದಿದವರಲ್ಲಿ ಜಾಸ್ತಿ. ನಿಮ್ಮ ತಮ್ಮನಿಗೂ ಹಾಗೇ ಅನ್ನಿಸಿರಬೇಕು. ಈ ಪದದ ಮಟ್ಟಿಗೆ ನಡೆದದ್ದು ಬೇರೆ.

ಇಟಾಲಿಯನ್ ಭಾಷೆಯಲ್ಲಿ 'ಕೊಲೊನ್ನ' ಎಂದರೆ ಕಂಬ. ಲ್ಯಾಟಿನ್ನಿನ 'ಕೊಲುಮ್ನ' ಅದರ ತಾಯಿ. ಒಬ್ಬರ ಹಿಂದೆ ಒಬ್ಬರಂತೆ ಉದ್ದಕ್ಕೆ ನಡೆದು ಹೋಗುವ ಸೈನಿಕರ ಸಾಲಿಗೂ 'ಕೊಲೊನ್ನ' ಎನ್ನುತ್ತಿದ್ದರು. ನಮ್ಮ ಪತ್ರಿಕೆಗಳಲ್ಲಿ ಬರುವ ಕಾಲಂ ಕೂಡ ಇದೇ ಮನೆಯದು. ಅದಕ್ಕೆ 'ಎಲ್ಲೊ' ಎಂಬ ಬಾಲ ಸೇರಿದರೆ ಚಿಕ್ಕದು ಎಂಬ ಅರ್ಥ ಬರುತ್ತದೆ. ಹಾಗಾಗಿ 'ಕೊಲೊನ್ನೆಲ್ಲೊ' ಎಂದರೆ ಚಿಕ್ಕ ಕಂಬ, ಅಥವಾ ಚಿಕ್ಕ ಸಾಲು. ಇಟಾಲಿಯನ್ನರು ಈ ಎರಡು ನ, ಎರಡು ಲ ಒತ್ತಿಯೇ ಹೇಳುತ್ತಾರೆ. ಇಂಗ್ಲಿಷರಿಗೆ ಅದು ಕಷ್ಟ. ಅಣ್ಣ, ಬೆಲ್ಲ ಎನ್ನುವ ನಮಗೆ ಸುಲಭ.

ಒಂದು ಕಂಬ ಸೇನಾಧಿಕಾರಿ ಆದದ್ದು ಹೇಗೆ? ಅದಕ್ಕೆ ಆಗಿನ ಯುದ್ಧಗಳನ್ನು ನೋಡಬೇಕು. 1494ರಲ್ಲಿ ಫ್ರಾನ್ಸಿನ ಎಂಟನೇ ಚಾರ್ಲ್ಸ್ ಇಟಲಿಗೆ ನುಗ್ಗಿದ. ಅಲ್ಲಿಂದ 1559ರವರೆಗೆ ಇಟಲಿಯ ನೆಲದ ಮೇಲೆ ಫ್ರೆಂಚರು, ಸ್ಪೇನಿನವರು, ಸ್ವಿಸ್ಸರು, ಜರ್ಮನ್ನರು ಬಿಟ್ಟು ಬಿಟ್ಟು ಬಡಿದಾಡಿದರು. ಇತಿಹಾಸದಲ್ಲಿ ಇವಕ್ಕೆ ಇಟಾಲಿಯನ್ ಯುದ್ಧಗಳು ಎಂದೇ ಹೆಸರು. ಅದಕ್ಕೂ ಮೊದಲು ಅಲ್ಲಿ ಯುದ್ಧ ಒಂದು ಗುತ್ತಿಗೆ ವ್ಯವಹಾರವಾಗಿತ್ತು. 'ಕೊಂದೊತ್ತ' ಎಂದರೆ ಕರಾರು. ಕರಾರಿಗೆ ಸಹಿ ಹಾಕಿ, ತನ್ನದೇ ಪಡೆ ತಂದು, ಮಿಲಾನಿಗೋ ವೆನಿಸ್ಸಿಗೋ ಹೋರಾಡುವ ನಾಯಕ 'ಕೊಂದೊತ್ತಿಯೆರೆ'. ಅಂಥ ವ್ಯವಸ್ಥೆಯಲ್ಲಿ ಒಂದು ತುಕಡಿ, ಅದಕ್ಕೊಬ್ಬ ಕಪಿತಾನ. ಅಷ್ಟರಲ್ಲೇ ಕೆಲಸ ನಡೆಯುತ್ತಿತ್ತು.

ದೊಡ್ಡ ರಾಜರ ಸೈನ್ಯಗಳು ಬಂದಾಗ ಇದು ಸಾಲದಾಯಿತು. ಉದ್ದ ಈಟಿಯವರು, ಕೋವಿಯವರು, ಕತ್ತಿಯವರು ಎಲ್ಲರನ್ನೂ ಬೆರೆಸಿ ಒಂದೇ ಗುಂಪಾಗಿ ಕಾದಾಡಿಸಬೇಕಿತ್ತು. 1503ರಲ್ಲಿ ದಕ್ಷಿಣ ಇಟಲಿಯ ಚೆರಿನ್ಯೋಲದಲ್ಲಿ ಸ್ಪೇನಿನ ಗೊನ್ಸಾಲೊ ದೆ ಕೊರ್ದೊಬ ಕಂದಕದ ಹಿಂದೆ ಕೋವಿಯವರನ್ನು ನಿಲ್ಲಿಸಿ ಫ್ರೆಂಚ್ ಕುದುರೆ ಸೈನ್ಯವನ್ನು ಮುರಿದ. ಕಾಲಾಳಿನ ಬೆಲೆ ಏನು ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಹಲವು ತುಕಡಿಗಳನ್ನು ಒಟ್ಟು ಸೇರಿಸಿದ ಪಡೆ ಬೇಕು, ಅದಕ್ಕೆ ಕಪಿತಾನರ ಮೇಲೆ ಒಬ್ಬ ಅಧಿಕಾರಿ ಬೇಕು. ಸ್ಪೇನಿನವರು ಅಂಥ ಪಡೆಗೆ 'ಕೊಲುನೆಲ' ಎಂದರು. ಅದರ ಮುಖ್ಯಸ್ಥ 'ಕಾಬೊ ದೆ ಕೊಲುನೆಲ', ಅಂದರೆ ಸಾಲಿನ ತಲೆಯಾಳು. ದಿನ ಕಳೆದಂತೆ ಪಡೆಯ ಹೆಸರೇ ಅದರ ಮುಖ್ಯಸ್ಥನ ಹೆಸರಾಯಿತು.

ಇಲ್ಲಿ ವಿದ್ವಾಂಸರಲ್ಲಿ ಸಣ್ಣ ಭಿನ್ನಾಭಿಪ್ರಾಯವಿದೆ. ನಡೆಯುವ ಸಾಲಿನ ಮುಂದಿದ್ದ ತುಕಡಿಗೆ ಇಟಲಿಯಲ್ಲಿ 'ಕೊಂಪನಿಯ ಕೊಲೊನ್ನೆಲ್ಲ' ಎಂಬ ಹೆಸರಿತ್ತು, ಅದನ್ನು ನಡೆಸುವವನಿಗೆ ಪದವಿಯ ಹೆಸರು ಅಲ್ಲಿಂದ ಬಂತು ಎನ್ನುವುದು ಹೆಚ್ಚಿನವರ ಮಾತು. ಪಡೆಗೆ ಆಧಾರವಾದ ಕಂಬ ಅವನೇ, ಅದಕ್ಕೆ ಆ ಹೆಸರು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಎನಿಸುತ್ತದೆ. ಸೇನೆಯ ಪದಗಳು ಹೆಚ್ಚಾಗಿ ನಿಲ್ಲುವ ಜಾಗ, ನಡೆಯುವ ಕ್ರಮ, ಮಾಡುವ ಕೆಲಸಗಳಿಂದ ಹುಟ್ಟುತ್ತವೆ. ಹೊಗಳಿಕೆಯಿಂದ ಹುಟ್ಟಿದ್ದು ಕಡಿಮೆ. ಯಾವ ವಾದ ಹಿಡಿದರೂ ಬೇರು ಮಾತ್ರ ಒಂದೇ, ಕೊಲೊನ್ನ.

ಈಗ ನಿಮ್ಮ ತಮ್ಮನ ಪ್ರಶ್ನೆಗೆ ಬರುತ್ತೇನೆ. 'ರ' ಎಲ್ಲಿಂದ ಬಂತು?

ಒಂದೇ ಪದದಲ್ಲಿ ಎರಡು ಲಕಾರ ಹತ್ತಿರ ಹತ್ತಿರ ಇದ್ದರೆ ನಾಲಿಗೆಗೆ ಕಷ್ಟ. ಅದು ಒಂದನ್ನು ಸುಮ್ನೆ ಬದಲಾಯಿಸಿಬಿಡುತ್ತದೆ. ಎರಡು ರಕಾರ ಇದ್ದರೂ ಹಾಗೆಯೇ. ಲ್ಯಾಟಿನ್ನಿನ 'ಪೆರೆಗ್ರಿನುಸ್' ಇಟಾಲಿಯನ್ನಿನಲ್ಲಿ 'ಪೆಲ್ಲೆಗ್ರಿನೊ' ಆದದ್ದು ಹೀಗೆ. ಇಂಗ್ಲಿಷಿನ ಪಿಲ್‌ಗ್ರಿಮ್ ಕೂಡ ಅದೇ. ಮರಕ್ಕೆ ಲ್ಯಾಟಿನ್ನಿನಲ್ಲಿದ್ದ 'ಆರ್ಬೊರ್' ಸ್ಪ್ಯಾನಿಷ್‌ನಲ್ಲಿ 'ಆರ್ಬೊಲ್' ಆಯಿತು. ಅಷ್ಟು ದೂರ ಹೋಗುವುದೇ ಬೇಡ, ನಿಮ್ಮ ಮನೆಯ ಅಲ್ಮಾರಿ ನೋಡಿ. ಪೋರ್ಚುಗೀಸರ 'ಅರ್ಮಾರಿಯೊ'ದಲ್ಲಿ ಎರಡು 'ರ' ಇದ್ದವು. ಅವರ ಬಾಯಲ್ಲೇ ಅದು 'ಅಲ್ಮಾರಿಯೊ' ಎಂದೂ ಓಡಾಡಿತು. ನಮಗೆ ಬಂದದ್ದು ಆ ರೂಪ. ಅಲ್ಮಾರಿಯನ್ನು ಯಾರೂ 'ಅರ್ಮಾರಿ' ಎಂದು ತಿದ್ದಲು ಹೋಗುವುದಿಲ್ಲ, ಅಲ್ವಾ? ಅದರ ಬೇರು ಲ್ಯಾಟಿನ್ನಿನ 'ಅರ್ಮ', ಅಂದರೆ ಆಯುಧ, ಸಲಕರಣೆ.

'ಕೊಲೊನ್ನೆಲ್ಲೊ' ಸ್ಪೇನ್ ಮತ್ತು ಫ್ರಾನ್ಸಿಗೆ ಹೋದಾಗ ಇದೇ ನಡೆಯಿತು. ಮೊದಲ 'ಲ' ಜಾರಿ 'ರ' ಆಯಿತು. ಸ್ಪ್ಯಾನಿಷ್, ಪೋರ್ಚುಗೀಸ್ ಎರಡರಲ್ಲೂ ಇವತ್ತಿಗೂ 'ಕೊರೊನೆಲ್' ಎಂದೇ ಬರೆಯುತ್ತಾರೆ. ಫ್ರೆಂಚಿನಲ್ಲೂ 16ನೇ ಶತಮಾನದಲ್ಲಿ 'ಕೊರೊನೆಲ್' ಓಡುತ್ತಿತ್ತು. ಇಂಗ್ಲಿಷರು ಅದನ್ನು ಆ ಶತಮಾನದ ಮಧ್ಯಭಾಗದಲ್ಲಿ ತೆಗೆದುಕೊಂಡರು, 'ರ' ಸಮೇತ. ಆಗ ಅವರ ಬರಹದಲ್ಲೂ 'ರ' ಇತ್ತು, ಬಾಯಲ್ಲೂ ಇತ್ತು.

ಆಮೇಲೆ ಪಂಡಿತರು ಬಂದರು. ಇಟಲಿಯ ಯುದ್ಧವಿದ್ಯೆಯ ಪುಸ್ತಕಗಳಿಗೆ ಆಗ ಯೂರೋಪಿನಲ್ಲೆಲ್ಲ ಬೇಡಿಕೆ. ಮಾಕಿಯವೆಲ್ಲಿ ಯುದ್ಧದ ಬಗ್ಗೆ ಬರೆದದ್ದು 1521ರಲ್ಲಿ ಅಚ್ಚಾಯಿತು. 1560ರ ದಶಕದ ಹೊತ್ತಿಗೆ ಅದು ಇಂಗ್ಲಿಷಿನಲ್ಲೂ ಓದಲು ಸಿಗುತ್ತಿತ್ತು. ಇಂಥ ಅನುವಾದಗಳು ಹೆಚ್ಚಾದಂತೆ, ಮೂಲದಲ್ಲಿ 'ಲ' ಇದೆ, ನಾವು ಬರೆಯುತ್ತಿರುವುದು ತಪ್ಪು ಎಂದು ಓದಿದವರಿಗೆ ಅನ್ನಿಸಿತು. ಮೊದಲು ಫ್ರೆಂಚರು, ಅವರ ಹಿಂದೆ ಇಂಗ್ಲಿಷರು ಸ್ಪೆಲಿಂಗ್ ತಿದ್ದಿದರು. ಫ್ರೆಂಚರು ಮಾತನ್ನೂ ತಿದ್ದಿಕೊಂಡರು, ಈಗ 'ಕೊಲೊನೆಲ್' ಎಂದೇ ಹೇಳುತ್ತಾರೆ. ಇಂಗ್ಲಿಷ್ ಸಿಪಾಯಿಯ ಬಾಯಿ ಮಾತ್ರ ತಿದ್ದಿದ ಕಾಗದಕ್ಕೆ ಬಗ್ಗಲಿಲ್ಲ. ಬರಹ 'ಲ' ಆಯಿತು, ಮಾತು 'ರ'ದಲ್ಲೇ ಉಳಿಯಿತು. ನಡುವೆ ಒಂದು ಅಕ್ಷರ ನುಂಗಿಹೋಗಿ 'ಕರ್ನಲ್' ಆಯಿತು.

ಈ ಎಳೆದಾಟ ತುಂಬಾ ದಿನ ನಡೆಯಿತು. 1755ರ ಸ್ಯಾಮ್ಯುಯೆಲ್ ಜಾನ್ಸನ್‌ರ ಪ್ರಸಿದ್ಧ ನಿಘಂಟು ಜನ ಇದನ್ನು ಈಗ ಎರಡೇ ಉಚ್ಚಾರಾಂಶದಲ್ಲಿ ಹೇಳುತ್ತಾರೆ ಎನ್ನುತ್ತದೆ, ಆದರೆ ತೋರಿಸುವ ರೂಪದಲ್ಲಿ 'ಲ' ಇದೆ. 1791ರಲ್ಲಿ ಜಾನ್ ವಾಕರ್ ತಮ್ಮ ಉಚ್ಚಾರಣಾ ನಿಘಂಟಿನಲ್ಲಿ 'ರ' ಇರುವ ರೂಪವನ್ನೇ ಕೊಟ್ಟು, ಇದು ತಿದ್ದಲಾಗದ ಅಡ್ಡಾದಿಡ್ಡಿ ಪದ ಎಂದು ಕೈಬಿಟ್ಟರು. ಅಡ್ಡಾದಿಡ್ಡಿ ಎಂದು ನಾನು ಹೇಳಲಾರೆ. ಬಾಯಿಮಾತು ಹಳೆಯ ರೂಪವನ್ನು ನಿಷ್ಠೆಯಿಂದ ಕಾಪಾಡಿತು, ಅಷ್ಟೆ.

ಭಾರತಕ್ಕೆ ಪದ ಬಂದದ್ದು ಪುಸ್ತಕದಿಂದಲ್ಲ, ದಂಡಿನಿಂದ. ಕಿವಿಗೆ ಬಿದ್ದದ್ದನ್ನು ನಮ್ಮವರು ಬರೆದರು, ಸರಿಯಾಗಿಯೇ ಬರೆದರು. ಪಂಜಾಬಿನಲ್ಲಿ ಅದು 'ಕರ್ನೈಲ್' ಆಗಿ, ಮಕ್ಕಳಿಗೆ ಕರ್ನೈಲ್ ಸಿಂಗ್ ಎಂದು ಹೆಸರಿಡುವಷ್ಟು ಮನೆಯದಾಯಿತು. ಜನರಲ್‌ನಿಂದ ಜರ್ನೈಲ್ ಸಿಂಗ್ ಆದಂತೆ. ಶ್ರೀರಂಗಪಟ್ಟಣಕ್ಕೆ ಹೋದರೆ ಕರ್ನಲ್ ಬೈಲಿಯ ಬಂದೀಖಾನೆ ಇದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೋತು ಸೆರೆಯಾದ ವಿಲಿಯಂ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಮೈಸೂರು ಸೀಮೆಯನ್ನು ಅಳೆದು, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ, ಅಂದರೆ ಊರೂರಿನ ಚರಿತ್ರೆಯ ಬರಹಗಳನ್ನೂ, ಕೂಡಿಸಿದ ಕಾಲಿನ್ ಮೆಕೆಂಝಿಯೂ ಕನ್ನಡದ ಓದುಗರಿಗೆ ಕರ್ನಲ್ ಮೆಕೆಂಝಿಯೇ. ಇವರನ್ನೆಲ್ಲ ಈಗ 'ಕೊಲೊನೆಲ್' ಮಾಡಿದರೆ ಯಾರಿಗೂ ಗುರುತೇ ಸಿಗುವುದಿಲ್ಲ.

ಚಿಕ್ಕಪ್ಪನ ಕಿರೀಟದ ಕಥೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅವರನ್ನು ನೋಯಿಸಬೇಡಿ. ಸ್ಪ್ಯಾನಿಷ್‌ನಲ್ಲಿ 'ಕೊರೊನ' ಎಂದರೆ ಕಿರೀಟ. 'ಕೊರೊನೆಲ್' ಕೇಳಿದ ಸ್ಪೇನಿನವರಿಗೇ ಇದು ರಾಜನ ಕಿರೀಟದ ಆಳು ಎಂದು ಅನ್ನಿಸಿತ್ತು. ಆ ಅನ್ನಿಸಿಕೆ 'ರ' ಗಟ್ಟಿಯಾಗಿ ಉಳಿಯಲು ಸಹಾಯವನ್ನೂ ಮಾಡಿರಬಹುದು. ಅದರ ಮೇಲೆ ಬ್ರಿಟಿಷ್ ಕರ್ನಲ್‌ನ ಭುಜದ ಮೇಲೆ ಎರಡು ನಕ್ಷತ್ರದ ಜೊತೆ ಕಿರೀಟವೂ ಇದೆ. ಇಟಲಿಯಲ್ಲೂ ಮೇಜರ್‌ನಿಂದ ಕರ್ನಲ್‌ವರೆಗಿನ ಅಧಿಕಾರಿಗಳ ಗುರುತಿನಲ್ಲಿ ಕೋಟೆಯ ಆಕಾರದ ಕಿರೀಟವಿದೆ. ನೋಡಿದವರು ನಂಬದೆ ಇರುವುದು ಕಷ್ಟ. ಆದರೆ ಬ್ರಿಟಿಷ್ ಮೇಜರ್‌ನ ಭುಜದ ಮೇಲೂ ಕಿರೀಟವಿದೆ, ಅದರಿಂದ ಆ ಹೆಸರು ಬರಲಿಲ್ಲ. ನಮ್ಮಲ್ಲಿ 1950ರಲ್ಲಿ ಗಣರಾಜ್ಯವಾದಾಗ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು. ನಿಮ್ಮ ತಂದೆಯ ಭುಜದ ಮೇಲಿದ್ದದ್ದು ಆ ಸಿಂಹ ಲಾಂಛನ ಮತ್ತು ಒಂದು ನಕ್ಷತ್ರ. ಅಲ್ಬಮ್ಮಿನಲ್ಲಿ ಸಮವಸ್ತ್ರದ ಫೋಟೋ ಇದ್ದರೆ ಚಿಕ್ಕಪ್ಪನಿಗೆ ತೋರಿಸಿ.

ಕಾಲೊನಿಯ ವಾಟ್ಸಾಪ್ ಮಾತ್ರ ತಪ್ಪು. ಕಾಲೊನಿಯ ಬೇರು ಲ್ಯಾಟಿನ್ನಿನ 'ಕೊಲೊನುಸ್', ನೆಲ ಉಳುವ ರೈತ, ನೆಲೆಸುವವ. ಕರ್ನಲ್‌ನ ಬೇರು 'ಕೊಲುಮ್ನ', ಕಂಬ. ಇಂಗ್ಲಿಷ್ ಸ್ಪೆಲಿಂಗ್‌ನ ಮೊದಲ ಐದು ಅಕ್ಷರ ಒಂದೇ ಆದದ್ದು ಕಾಕತಾಳೀಯ. ಈ ಗೊಂದಲ ಹೊಸದೇನೂ ಅಲ್ಲ. ಜಾನ್ಸನ್‌ರ ನಿಘಂಟಿನಲ್ಲೇ ಕಾಲೊನಿಯ ಮುಖಂಡ ಎಂಬ ಊಹೆ, ಕಂಬ ಎಂಬ ಊಹೆ ಎರಡನ್ನೂ ಕೊಟ್ಟು, ಎರಡೂ ಒಪ್ಪುವಂತಿವೆ ಎಂದು ಬರೆದಿದೆ. ಆ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು. ಆಮೇಲಿನ ಭಾಷಾ ಇತಿಹಾಸದ ಕೆಲಸ ಕಾಲೊನಿಯ ಊಹೆಯನ್ನು ಬದಿಗಿಟ್ಟಿದೆ. ಬ್ರಿಟಿಷರ ಮೂಲಕ ಬಂದ ಪದ ಅನ್ನುವುದು ನಿಜ. ಅದಕ್ಕೇ ಬೇಡ ಎನ್ನುವುದಾದರೆ ಬ್ರಿಗೇಡ್ ರಸ್ತೆಯ ಬ್ರಿಗೇಡ್, ಇನ್‌ಫೆಂಟ್ರಿ ರಸ್ತೆಯ ಇನ್‌ಫೆಂಟ್ರಿ, ಈಗ ಕಾಮರಾಜ ರಸ್ತೆಯಾಗಿರುವ ಹಳೆಯ ಕ್ಯಾವಲ್ರಿ ರಸ್ತೆಯ ಕ್ಯಾವಲ್ರಿ, ಬೆಟಾಲಿಯನ್, ಸ್ಕ್ವಾಡ್ರನ್ ಎಲ್ಲ ಬಿಡಬೇಕು. ಇವೆಲ್ಲ ಇಟಾಲಿಯನ್ ಬೇರಿನವೇ. ಬ್ರಿಗಾತ, ಫಾಂತೆರಿಯ, ಕವಲ್ಲೆರಿಯ, ಬತ್ತಲ್ಯೋನೆ, ಸ್ಕ್ವದ್ರೋನೆ. ಇಂಗ್ಲಿಷರೂ ಇವನ್ನು ಸಾಲ ತಂದವರೇ. ಫ್ರೆಂಚರ ಮಾತಿನಲ್ಲಿ ಇಟಾಲಿಯನ್ ತುಂಬಿಹೋಗಿದೆ ಎಂದು ಆನ್ರಿ ಎತಿಯೆನ್ ಎಂಬ ವಿದ್ವಾಂಸ 1578ರಲ್ಲೇ ಕೂಗಾಡಿದ್ದ.

ಇನ್ನು ನಿಮ್ಮ ಮುಖಪುಟ. ಇರುವ ದಾರಿಗಳನ್ನೂ ಅವುಗಳ ತೊಂದರೆಗಳನ್ನೂ ಹೇಳುತ್ತೇನೆ. ಆರಿಸಿಕೊಳ್ಳುವುದು ಮನೆಯವರಿಗೆ ಬಿಟ್ಟದ್ದು.

'ಕರ್ನಲ್' ಎಂದು ಬರೆದರೆ ತೊಂದರೆ ಏನೂ ಇಲ್ಲ. ಓದುಗರಿಗೆ ಗೊತ್ತು, ಪತ್ರಿಕೆಗಳಲ್ಲಿ ರೂಢಿಯಲ್ಲಿದೆ, ಸೇನೆಯಲ್ಲಿ ಹೇಳುವುದೂ ಹಾಗೆಯೇ. ಕೆಲವರು 'ಕರ್ನೆಲ್' ಎಂದು ಬರೆಯುತ್ತಾರೆ. ಯಾವುದಾದರೂ ಒಂದನ್ನು ಹಿಡಿದು ಪುಸ್ತಕದ ಉದ್ದಕ್ಕೂ ಅದನ್ನೇ ಬಳಸಿ.

'ಕೊಲೊನೆಲ್' ಎಂದು ಹಾಕಿದರೆ ಕನ್ನಡದ ಓದುಗ ಮೊದಲ ಪುಟದಲ್ಲೇ ಮುಗ್ಗರಿಸುತ್ತಾನೆ. ನಿಮ್ಮ ತಂದೆಯನ್ನು ಬದುಕಿದ್ದಾಗ ಯಾರೂ ಹಾಗೆ ಕರೆದಿರಲಾರರು. ಅಲ್ಲದೆ ಆ ತರ್ಕ ಹಿಡಿದರೆ ಲೆಫ್ಟಿನೆಂಟ್ ಅನ್ನೂ ಮುಟ್ಟಬೇಕಾಗುತ್ತದೆ, ಅದರ ಸ್ಪೆಲಿಂಗ್‌ನಲ್ಲಿ 'ಫ' ಎಲ್ಲಿದೆ? ಒಂದು ಕಡೆ ಮಾತ್ರ ನಿಮ್ಮ ತಮ್ಮನ ಮಾತಿಗೆ ಬೆಲೆ ಇದೆ. ಬೇರೆ ದೇಶದ ಅಧಿಕಾರಿಯ ಬಗ್ಗೆ ಅವನ ಭಾಷೆಯ ಪದವನ್ನೇ ಕೊಡಬೇಕೆಂದಿದ್ದರೆ ಫ್ರೆಂಚರಿಗೆ ಕೊಲೊನೆಲ್, ಇಟಾಲಿಯನ್ನರಿಗೆ ಕೊಲೊನ್ನೆಲ್ಲೊ ಸರಿ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು ಬೆಂಗಳೂರಿನ ಸುತ್ತ ಶಿಬಿರಗಳಲ್ಲಿ ಇರಿಸಿದ್ದರು. ಹಿರಿಯರ ಪತ್ರಗಳಲ್ಲಿ ಅಂಥವರ ಮಾತು ಬಂದರೆ ಅಲ್ಲಿ ಇಟಾಲಿಯನ್ ರೂಪ ಚೆಂದವಾಗಿ ಕೂರುತ್ತದೆ.

'ದಳಪತಿ' ಕೇಳಲು ಚೆಂದ. ತೊಂದರೆ ಎಂದರೆ ಅದು ಯಾವ ದರ್ಜೆ ಎಂದು ಯಾರಿಗೂ ತಿಳಿಯುವುದಿಲ್ಲ. ಮೇಜರನೋ, ಬ್ರಿಗೇಡಿಯರನೋ? ಹತ್ತಿರದ 'ದಳವಾಯಿ' ಇನ್ನೂ ದಾರಿ ತಪ್ಪಿಸುತ್ತದೆ. ಮೈಸೂರಿನ ದಳವಾಯಿ ಇಡೀ ಸೈನ್ಯದ ಮುಖ್ಯಸ್ಥ. ಹೈದರನಿಗೂ ಮೊದಲು ಕಳಲೆಯ ದೇವರಾಜಯ್ಯ, ನಂಜರಾಜಯ್ಯ ರಾಜ್ಯವನ್ನೇ ಆಳಿದಂತೆ ಇದ್ದವರು. 'ನಾಯಕ' ಅಂತೂ ಬೇಡವೇ ಬೇಡ. ಭಾರತೀಯ ಸೇನೆಯಲ್ಲಿ ನಾಯಕ್ ಎಂದರೆ ತೋಳಿನ ಮೇಲೆ ಎರಡು ಪಟ್ಟಿಯವ, ಬೇರೆ ಸೇನೆಗಳ ಕಾರ್ಪೊರಲ್‌ಗೆ ಸಮ. ಸೊಸೆಯ ಆಸೆಗೆ ಜಾಗ ಕೊಡಬೇಕೆಂದರೆ ಪುಸ್ತಕದ ಹೆಸರಿನಲ್ಲೋ ಒಂದು ಅಧ್ಯಾಯದ ತಲೆಬರಹದಲ್ಲೋ ದಳಪತಿ ಬಳಸಿ. ಹೆಸರಿನ ಹಿಂದಿನ ದರ್ಜೆಗೆ ಬೇಡ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಯಾಕೆಂದರೆ ನಾನು ನೋಡಿದ ಇಂಥ ಕುಟುಂಬ ಪುಸ್ತಕಗಳಲ್ಲಿ ಕಾಗುಣಿತಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲಿ. ಲೆಫ್ಟಿನೆಂಟ್ ಕರ್ನಲ್ ಆದವರನ್ನು ಎದುರಿಗೆ ಕರ್ನಲ್ ಎಂದು ಕರೆಯುವುದು ಸೇನೆಯ ಹಳೆಯ ಮರ್ಯಾದೆ. ಮೇಲೆ ಹೇಳಿದ ಬೈಲಿ ಕೂಡ ಲೆಫ್ಟಿನೆಂಟ್ ಕರ್ನಲ್ಲೇ. ಮಾತಿನಲ್ಲಿ, ಪತ್ರದ ಸಂಬೋಧನೆಯಲ್ಲಿ ಅದು ಸರಿ. ಅಚ್ಚಿನಲ್ಲಿ ಪೂರ್ಣ ದರ್ಜೆ ಬೇಕು. ಬರೀ 'ಕರ್ನಲ್' ಎಂದು ಹಾಕಿದರೆ ತಂದೆಗೆ ಇಲ್ಲದ ದರ್ಜೆ ಕೊಟ್ಟಂತೆ. ಅವರ ಜೊತೆಯವರು ಯಾರಾದರೂ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಅದೇ.

ತಂದೆ ಬೆಟಾಲಿಯನ್ ನಡೆಸಿದ್ದರೆ ಇನ್ನೊಂದು ಮಾತು. 1971ರ ಯುದ್ಧದ ಕಾಲದಲ್ಲಿ ಬೆಟಾಲಿಯನ್ನಿನ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್‌ಗಳು. ಈಗ ಆ ಜಾಗದಲ್ಲಿ ಕರ್ನಲ್ ಇರುತ್ತಾರೆ. ಇಂದಿನ ಓದುಗರಿಗೆ ಅದು ಗೊತ್ತಿರುವುದಿಲ್ಲ, ಒಂದು ಸಾಲಿನಲ್ಲಿ ತಿಳಿಸಿ. ಪತ್ರಗಳಲ್ಲಿ 'ಕರ್ನಲ್ ಆಫ್ ದಿ ರೆಜಿಮೆಂಟ್' ಎಂದು ಕಂಡರೆ ಅದನ್ನು ಸಾಮಾನ್ಯ ಕರ್ನಲ್ ಎಂದು ಅನುವಾದಿಸಬೇಡಿ. ನಮ್ಮ ಸೇನೆಯಲ್ಲಿ ಅದು ರೆಜಿಮೆಂಟಿನ ಹಿರಿಯ ಜನರಲ್ ಒಬ್ಬರಿಗೆ ಕೊಡುವ ಗೌರವದ ಸ್ಥಾನ.

ಮುಖಪುಟದಲ್ಲಿ 'ಲೆಫ್ಟಿನೆಂಟ್ ಕರ್ನಲ್' ಎಂದು ಪೂರ್ತಿ ಬರೆದು, ಹೆಸರು ಹಾಕಿ, ಅದರ ನಂತರ 'ನಿವೃತ್ತ' ಎಂದು ಸೇರಿಸಿ. ದರ್ಜೆಗೂ ಹೆಸರಿಗೂ ನಡುವೆ 'ನಿವೃತ್ತ' ಬರುವುದನ್ನು ಸೈನಿಕರು ಇಷ್ಟಪಡುವುದಿಲ್ಲ. ಅವರ ಪ್ರಕಾರ ನಿವೃತ್ತಿಯಾಗುವುದು ಮನುಷ್ಯ, ದರ್ಜೆಯಲ್ಲ. ಒಳಗಿನ ಅಧ್ಯಾಯಗಳಲ್ಲಿ ಆಯಾ ವರ್ಷದಲ್ಲಿ ಅವರಿಗಿದ್ದ ದರ್ಜೆಯನ್ನೇ ಬಳಸಿ. ಕ್ಯಾಪ್ಟನ್ ಆಗಿದ್ದಾಗಿನ ಪತ್ರಕ್ಕೆ ಕರ್ನಲ್ ಎಂದು ತಲೆಬರಹ ಕೊಡಬೇಡಿ. ಬಡ್ತಿಯ ತಾರೀಖುಗಳು ಸೇವಾ ದಾಖಲೆಯಲ್ಲಿ ಇರುತ್ತವೆ. ಅಚ್ಚಿಗೆ ಕಳಿಸುವ ಮೊದಲು ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಎಲ್ಲ ಪುಟ ನೋಡಿ.